ಅಂಬುಜಜ್ಜಿಯ ವ್ಯಾನಿನ ಗೇರ್‌ಬಾಕ್ಸ್

ಕೊಳ್ಳೇಗಾಲ,
ಫೆಬ್ರವರಿ ೩೦, ೨೧೯೧

ನನ್ನ ಅಜ್ಜಿಯ ಅಜ್ಜಿ ಅಂಬುಜಾಕ್ಷಿಯವರಿಗೆ, ನಿಮ್ಮ ಮೊಮ್ಮಗಳ ಮೊಮ್ಮಗಳು ಹೊನ್ನಾಜಮ್ಮ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟಿದ್ದಾರೆ. ಪಾಪ, ಅದೊಂದನ್ನೇ ಎಷ್ಟು ಕಾಲ ಕುಳ್ಳಗಿಡುವುದು! ಮಾತು ವಿಚಿತ್ರ ಅನಿಸಿದರೆ ಮನ್ನಿಸಿ. ಈ ಕಾಗದ ಹಿನ್ನಂಚೆಯಲ್ಲಿ ಬರುತ್ತಿದೆ, ಅಂದರೆ ಹಿಂದಿನ ಕಾಲದವರಿಗೆ ಹೋಗುವ ಅಂಚೆ. ಜನ್ಮಕ್ಕೆ ಒಂದೇ ಕಾಗದ, ಉತ್ತರ ತರಿಸುವಂತಿಲ್ಲ. ನೀವೀಗ ಮೂವತ್ತೆಂಟರವರು, ನಾನು ಅರವತ್ತನಾಲ್ಕರವಳು. ಆದರೂ ಅಜ್ಜಿ ಅಜ್ಜಿಯೇ. ನಡುವೆ ನಾನು ಬೈದರೆ ಬೇಜಾರು ಮಾಡಿಕೊಳ್ಳಬೇಡಿ.

ಊರೂರು ಸುತ್ತಲು ನೀವು ಕೊಂಡ, ಒಳಗೇ ಒಲೆ ಹಾಸಿಗೆ ಇರುವ ವ್ಯಾನು ಈಗ ನನ್ನದು. ಹೊಂಗೆ ಎಣ್ಣೆ ಕುಡಿದು ಓಡುತ್ತದೆ. ನಾನು ಸೂಲಗಿತ್ತಿ. ಬೆಟ್ಟದ ಮೇಲಿನ ಏಳು ಹಟ್ಟಿಗಳ ಬಸುರಿಯರು ಅದರ ಹಿಂದಿನ ಸೀಟಿನ ಹಲಗೆಯ ಮೇಲೆ ಮಲಗಿಯೇ ಹೆರುತ್ತಾರೆ. ನಮ್ಮಮ್ಮ, ನಾನು, ನನ್ನ ಮಗಳು, ಎಲ್ಲರೂ ಅಲ್ಲೇ ಹುಟ್ಟಿದವರು. ಅದಕ್ಕೆ ಹೆರಿಗೆ ಹಲಗೆ ಅಂತ ಹೆಸರು, ಅದರ ಮೊಳೆ ಕೀಳಬಾರದು ಅಂತ ಮನೆತನದ ಕಟ್ಟಳೆ. ಯಾಕೆ ಅಂತ ಕೇಳಿದರೆ ಅಮ್ಮ ಬಾಯಿಗೆ ಬೆಲ್ಲ ತುರುಕಿ ಸುಮ್ಮನಾಗಿಸುತ್ತಿದ್ದಳು. ಅವಳಿಗೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ.

ಈಗ ಗೇರ್‌ಬಾಕ್ಸ್ ಕೈಕೊಟ್ಟಿದೆ. ತಿಂಗಳಿಗೊಮ್ಮೆ ಅದರ ಎಣ್ಣೆ ಇಳಿಸಿ ಎರಡು ಬೆರಳಲ್ಲಿ ಉಜ್ಜಿ ನೋಡುವುದು ನಮ್ಮ ಮನೆಯ ರೂಢಿ. ಕಬ್ಬಿಣದ ಪುಡಿ ಸಿಕ್ಕರೆ ಒಳಗೆ ಹಲ್ಲು ಸವೆಯುತ್ತಿದೆ ಅಂತ ಅರ್ಥ. ಹೋದ ವಾರ ಪುಡಿಯಲ್ಲ, ಹಲ್ಲಿನ ಚೂರುಗಳೇ ಕೈಗೆ ಬಂದವು. ಒಂದನೇ ಗೇರೂ ಬೀಳುತ್ತಿಲ್ಲ, ಎರಡನೆಯದೂ ಬೀಳುತ್ತಿಲ್ಲ. ಅವೆರಡೂ ಇಲ್ಲದೆ ಬೆಟ್ಟ ಹತ್ತುವುದುಂಟೇ?

ಮುನ್‌ಬದಲು ಕಚೇರಿಯವರು ಮನೆ ಬಾಗಿಲಿಗೇ ಬಂದರು. ಯಾವುದೇ ಆಗಲಿ, ಕೆಡುವ ಮೊದಲೇ ಕಿತ್ತು ಹೊಸದು ಹಾಕುವುದು ಅವರ ಕೆಲಸ. ಸೇತುವೆ, ಹಲ್ಲು, ಮಂಡಿಚಿಪ್ಪು, ಎಲ್ಲಕ್ಕೂ ಅದೇ ಕಾಯ್ದೆ. ಅವರು ಹಾಕುವುದು ಮುದ್ರೆಪೆಟ್ಟಿಗೆ, ಅಂದರೆ ಯಾರೂ ಬಿಚ್ಚಲಾಗದ ಗೇರ್‌ಬಾಕ್ಸ್. ಅದು ಕಚೇರಿಯ ಪಟ್ಟಿಯಲ್ಲಿರುವ ರಸ್ತೆಗಳಲ್ಲಿ ಮಾತ್ರ ಉರುಳುತ್ತದೆ. ನಮ್ಮ ಏಳು ಹಟ್ಟಿಗಳ ದಾರಿ ಪಟ್ಟಿಯಲ್ಲಿಲ್ಲ. ಹಟ್ಟಿಯವರನ್ನೇ ಕೆಳಗಿಳಿಸಿ ಅಂದರು ಆ ಮಹಾನುಭಾವರು. ನಿಮಗೂ ವಯಸ್ಸಾಯಿತು, ನಿಮ್ಮನ್ನೂ ಬದಲಾಯಿಸುವ ಕಾಲ ಬಂತು ಅಂತ ಬೇರೆ ಸೇರಿಸಿದರು. ಮೈಯೆಲ್ಲ ಉರಿದುಹೋಯಿತು ನನಗೆ. ಈ ಕೈ ನಾನ್ನೂರ ಹನ್ನೊಂದು ಕೂಸು ಹಿಡಿದಿದೆ, ಇದಕ್ಕೆ ಬದಲಿ ಯಾವ ಪಟ್ಟಿಯಲ್ಲಿದೆ ತೋರಿಸಿ ಅಂದೆ. ಅವರು ಕೊಟ್ಟ ನೋಟೀಸಿನಲ್ಲೇ ಒಂದಿಷ್ಟು ಕಡಲೆಪುರಿ ಕಟ್ಟಿ, ದಾರಿಗಾಗುತ್ತದೆ ಅಂತ ಅವರ ಕೈಗೇ ಕೊಟ್ಟು ಕಳಿಸಿದೆ.

ಇನ್ನು ಒಂಬತ್ತು ದಿನಕ್ಕೆ ಮೇಲಿನ ಹಟ್ಟಿಯ ಪುಟ್ಟಮಾದಿಗೆ ಹೆರಿಗೆ. ಹೋದ ಸಲ ಮುಟ್ಟಿ ನೋಡಿದಾಗ ಕೂಸು ಅಡ್ಡ ತಿರುಗಿತ್ತು. ನಡೆದು ಹೋಗಲು ನನ್ನ ಮಂಡಿ ಕೇಳುವುದಿಲ್ಲ, ಅವಳನ್ನು ಹೊತ್ತು ತರುವ ದಾರಿಯಲ್ಲ ಅದು. ಭಯವಾಗುತ್ತಿದೆ ಅಜ್ಜಿ. ನಿಮ್ಮೊಬ್ಬರಿಗೇ ಹೇಳುತ್ತಿದ್ದೇನೆ.

ನಿಮ್ಮ ನೋಟ್‌ಬುಕ್ಕು ನನ್ನ ಹತ್ತಿರವಿದೆ. ಗೇರ್‌ಬಾಕ್ಸ್ ಇನ್ನೂ ಗಟ್ಟಿಯಾಗಿದೆ, ಆದರೂ ವ್ಯಾನಿಗೆ ವಯಸ್ಸಾಯಿತು, ಕೆಡುವ ಮೊದಲೇ ಬದಲಾಯಿಸಲೋ ಕೆಟ್ಟಾಗ ನೋಡಿಕೊಳ್ಳಲೋ ಅಂತ ಕೊನೆಗೆ ಬರೆದಿದ್ದೀರಿ. ಆಮೇಲಿನ ಪುಟಗಳನ್ನು ಗೆದ್ದಲು ತಿಂದಿದೆ. ಏನು ಮಾಡಿದಿರೋ ನಮಗ್ಯಾರಿಗೂ ಗೊತ್ತಿಲ್ಲ.

ನನ್ನ ಮಾತು ಕೇಳಿ, ಈಗಲೇ ಬದಲಾಯಿಸಿ. ಇವಳೂ ಕಚೇರಿಯವರ ಹಾಡನ್ನೇ ಹಾಡುತ್ತಾಳಲ್ಲ ಅಂತ ನಗಬೇಡಿ. ಅವರು ಕಿತ್ತು ಬಿಸಾಡುತ್ತಾರೆ, ನೀವು ಕಿತ್ತು ಇಟ್ಟುಕೊಳ್ಳಿ. ಹಲ್ಲು ಗಟ್ಟಿಯಿರುವಾಗಲೇ ಬಿಚ್ಚಿಸಿ, ಗ್ರೀಸ್ ಮೆತ್ತಿ, ಹಳೇ ಹತ್ತಿ ಸೀರೆಯಲ್ಲಿ ಸುತ್ತಿ. ಗುಜರಿಯವನು ಬಂದು ಗೋಗರೆದರೂ ಕೊಡಬೇಡಿ. ಹಿಂದಿನ ಸೀಟಿನ ಕೆಳಗಿಟ್ಟು ಮೇಲೆ ಹಲಗೆ ಹೊಡೆಯಿರಿ. ಅದರ ಮೊಳೆ ಕೀಳಬೇಡ ಅಂತ ಮಗಳಿಗೆ ಹೇಳಿ. ಯಾಕೆ ಅಂತ ಕೇಳಿದರೆ ಬಾಯಿಗೆ ಬೆಲ್ಲ ಹಾಕಿ.

ಈ ಕಾಗದ ಅಂಚೆಗೆ ಹಾಕಿ ಬಂದವಳೇ ಕಟ್ಟಳೆ ಮುರಿಯುತ್ತೇನೆ. ಮೊಳೆ ಕೀಳುವ ಇಕ್ಕಳ ಆಗಲೇ ಹಲಗೆಯ ಮೇಲಿದೆ. ಸೀರೆ ಯಾವ ಬಣ್ಣದ್ದು ಅಂತ ನೋಡಬೇಕು.

ನಿಮ್ಮ
ಹೊನ್ನಾಜಮ್ಮ