ಗಾಳಿಗುಳ್ಳೆ

ಆಸ್ಪತ್ರೆ, ಮೂರನೇ ಮಹಡಿ
ಮಾರ್ಚ್ 4, ಮಂಗಳವಾರ

ಪ್ರೀತಿಯ ತಮ್ಮನಿಗೆ,

ಪ್ರೀತಿಯ ಎಂದು ಬರೆಯುವುದು ರೂಢಿ, ಅದಕ್ಕೇ ಬರೆದಿದ್ದೇನೆ. ನೀನು, ನಿನ್ನ ಹೆಂಡತಿ, ಮಕ್ಕಳು ಕ್ಷೇಮವೇ? ಚಿಕ್ಕವಳ ಕೆಮ್ಮು ನಿಂತಿತೇ? ನಾನು ಚೆನ್ನಾಗಿದ್ದೇನೆ. ನಮ್ಮ ತಂಗಿ ಗುಬ್ಬಿ ಚೆನ್ನಾಗಿಲ್ಲ, ಅದು ನಿನಗೆ ಗೊತ್ತು. ಗೊತ್ತಿದ್ದೇ ನೀನು ಫೋನ್ ಎತ್ತುತ್ತಿಲ್ಲ. ಕಾಗದವನ್ನಾದರೆ ಹರಿದು ಹಾಕುವ ಮೊದಲು ಒಂದು ಸಲ ಕಣ್ಣಾಡಿಸುತ್ತೀಯ ಎಂದು ಬರೆಯುತ್ತಿದ್ದೇನೆ.

ನಿನ್ನ ಹೆಂಡತಿ ಪಾಪ, ಏನನ್ನೂ ಮುಚ್ಚಿಡಲಿಲ್ಲ. ರಕ್ತ ಪರೀಕ್ಷೆಗೆ ಹೂಂ ಎಂದವನು, ಗುಬ್ಬಿಗೆ ಹೊಂದುವ ಮೂಳೆಮಜ್ಜೆ ನಿನ್ನದೊಂದೇ ಎಂದು ತಿಳಿದ ಮೇಲೆ ನುಣುಚಿಕೊಂಡೆಯಂತೆ. "ಮೂಳೆ ಒಳಗಿಂದು ತೆಗೆದುಕೊಟ್ರೆ ಮತ್ತೆ ಬರುತ್ತಾ? ನಂಗೂ ಮಕ್ಕಳಿದಾರೆ" ಎಂದೆಯಂತೆ. ಲಿಫ್ಟ್ ರಿಪೇರಿ ಮಾಡುವವನು ನೀನು. ಹನ್ನೆರಡು ಮಹಡಿ ಆಳದ ಗುಂಡಿಯ ಮೇಲೆ ಸೊಂಟಕ್ಕೊಂದು ಪಟ್ಟಿ ಬಿಗಿದು ನೇತಾಡುತ್ತಾ ಹಾಡು ಹೇಳುವವನು. ಒಂದು ಸೂಜಿ ಕಂಡು ಬಾಲ ಮುದುರಿದೆಯಾ? ಇಷ್ಟು ವರ್ಷ ಊರವರ ಮಕ್ಕಳಿಗೆಲ್ಲ ಜೀವಕೋಶದ ಪಾಠ ಹೇಳಿದವಳು ನಾನು, ನನ್ನ ಒಡಹುಟ್ಟಿದವನ ಬಾಯಲ್ಲಿ ಈ ಮಾತು! ಮೈಯೆಲ್ಲ ಉರಿಯುತ್ತಿದೆ. ದೀಪದ ಕೆಳಗೇ ಕತ್ತಲೆ ಎನ್ನುವುದು ಸುಳ್ಳಲ್ಲ.

ಹಾಗಾದರೆ ಪಾಠ ಕೇಳು, ಬೆಂಚಿನ ಮೇಲೆ ನಿಂತು ಕೇಳು. ನಿನ್ನ ಮೈಯೆಂದರೆ ಬರಿಗಣ್ಣಿಗೆ ಕಾಣದ ಕೋಶಗಳ ದೊಡ್ಡ ಸಂಸಾರ. ಒಂದೊಂದಕ್ಕೂ ತೆಳುವಾದ ಪೊರೆ. ಬೇಕಾದ್ದನ್ನು ಒಳಗೆ ಬಿಟ್ಟು ಬೇಡದ್ದನ್ನು ಹೊರಗೆ ನಿಲ್ಲಿಸುವ ಬಾಗಿಲೂ ಅದೇ. ಒಳಗಿನ ಅಂಟುರಸದಲ್ಲಿ ಉಂಡದ್ದನ್ನು ಶಕ್ತಿ ಮಾಡುವ ಪುಟ್ಟ ಒಲೆಗಳಿವೆ. ನಡುವೆ ಕೋಶಕೇಂದ್ರ. ಆ ಕೋಶ ಏನಾಗಬೇಕು, ಏನು ಮಾಡಬೇಕು ಎಂದು ಅಪ್ಪ ಅಮ್ಮ ಕೊಟ್ಟ ಅಪ್ಪಣೆಯೆಲ್ಲ ಅದರಲ್ಲಿ. ಮೂಳೆಯ ಮಜ್ಜೆಯಲ್ಲಿರುವ ತಾಯಿಕೋಶಗಳ ಕೆಲಸವೇ ಒಂದು ಎರಡಾಗುವುದು. ಕೆಲವು ರಕ್ತವಾಗಲು ಹೊರಡುತ್ತವೆ, ಕೆಲವು ತಾಯಿಯಾಗಿಯೇ ಉಳಿಯುತ್ತವೆ. ನಿನ್ನಿಂದ ಒಂದಿಷ್ಟು ತೆಗೆದರೆ ಕೆಲವೇ ವಾರಗಳಲ್ಲಿ ಆ ಜಾಗ ತುಂಬುತ್ತದೆ. ಸ್ವಲ್ಪ ದಿನ ಸೊಂಟ ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಗುಬ್ಬಿಯ ಮಜ್ಜೆಯಲ್ಲಿ ಆ ಅಪ್ಪಣೆಯೇ ಕೆಟ್ಟಿದೆ. ರಕ್ತದ ಕ್ಯಾನ್ಸರ್ ಎಂದರೆ ಅದೇ. ಕೋಶಗಳು ಎರಡಾಗುತ್ತಲೇ ಇವೆ, ಕೆಲಸಕ್ಕೆ ಬರುವ ರಕ್ತವಾಗುತ್ತಿಲ್ಲ. ಇಡೀ ಬೀದಿಯ ಬಟ್ಟೆ ಹೊಲಿಯುತ್ತಿದ್ದ ಅವಳ ಕೈಗೆ ಈಗ ನೀರಿನ ಲೋಟವೂ ಭಾರ. ನನ್ನದನ್ನೇ ಕೊಡುತ್ತಿದ್ದೆ, ನನ್ನ ಕೋಶಗಳ ಮೈಮೇಲಿನ ಗುರುತು ಅವಳಿಗೆ ಹೊಂದಲಿಲ್ಲ. ನಿನ್ನದು ಹೊಂದಿತು. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ.

ಶಾಲೆಯ ಹಳೇ ಸೂಕ್ಷ್ಮದರ್ಶಕವನ್ನು ನಾನು ಮನೆಗೆ ತಂದಿದ್ದು ನೆನಪಿದೆಯಾ? ಈರುಳ್ಳಿಯ ಪೊರೆಯ ಮೇಲೆ ನೀನು ಗಾಜನ್ನು ದಪ್ಪೆಂದು ಹಾಕಿದೆ, ಗಾಳಿ ಸಿಕ್ಕಿಕೊಂಡಿತು. ಕಪ್ಪು ಅಂಚಿನ ಆ ದುಂಡು ಗುಳ್ಳೆಯನ್ನೇ ಜೀವಕೋಶವೆಂದು ಪುಟದ ತುಂಬ ಚಿತ್ರ ಬರೆದು, ಕಾಣದ ಕೋಶಕೇಂದ್ರವನ್ನೂ ಇಟ್ಟೆ. ಮುಂದಿನ ಹಲ್ಲಿಲ್ಲದ ಗುಬ್ಬಿ ಸ್ಟೂಲು ಹತ್ತಿ ನೋಡಿ, "ಅಣ್ಣಾ, ಅದು ಬರೀ ಗಾಳಿ" ಎಂದಳು. ಊಟದ ತನಕ ನೀನು ಅವಳ ಜತೆ ಮಾತು ಬಿಟ್ಟಿದ್ದೆ. ಮೊದಲ ಸಲ ನೋಡುವ ಮಕ್ಕಳೆಲ್ಲ ಮಾಡುವ ತಪ್ಪು ಅದು. ನಲವತ್ತು ದಾಟಿದವನು ಮತ್ತೆ ಅದನ್ನೇ ಮಾಡಿದರೆ ನಾನು ಏನೆನ್ನಲಿ? ಪಕ್ಕದಲ್ಲೇ ಜೀವವಿದೆ, ನೀನು ಗುಳ್ಳೆ ನೋಡುತ್ತಾ ಕೂತಿದ್ದೀಯ.

ಮಕ್ಕಳಿಗೆ ಅತ್ತೆಯ ಆಶೀರ್ವಾದ ಹೇಳು. ನಿನ್ನ ಹೆಂಡತಿಗೆ ನನ್ನ ನೆನಪುಗಳು. ನಿನಗೆ ಸದ್ಯಕ್ಕೆ ಏನೂ ಇಲ್ಲ.

ನಿನ್ನ ಅಕ್ಕ

ಮರೆತಿದ್ದೆ: ಅವಳ ಕೆಟ್ಟ ಮಜ್ಜೆಯನ್ನು ಸುಟ್ಟು ನಿನ್ನದಕ್ಕೆ ಜಾಗ ಮಾಡುವ ಮದ್ದು ಶುರುವಾಗಬೇಕಾದರೆ ನೀನು ಡಾಕ್ಟರ ಎದುರು ನಿಂತು ಹೂಂ ಎನ್ನಬೇಕು. ಶುರುವಾದ ಮೇಲೆ ನೀನು ಹಿಂದೆ ಸರಿದರೆ ಅವಳು ಉಳಿಯುವುದಿಲ್ಲ. ಸೋಮವಾರದವರೆಗೆ ಕಾಯುತ್ತಾರೆ. ಈ ಕಾಗದ ಬರೆಸಿದ್ದು ಅವಳೇ. "ಗಾಳಿಗುಳ್ಳೆ ನೋಡಿ ಹೆದರಿದಾನಕ್ಕ, ಅಷ್ಟೆ. ನೀನು ಬೈದು ಬರಿ. ಬೈಸ್ಕೊಂಡ್ರೇನೇ ಅವನು ಬರೋದು" ಎಂದಳು. ಬೈದದ್ದನ್ನೆಲ್ಲ ನನ್ನಿಂದ ಓದಿಸಿಕೊಂಡು ನಕ್ಕು, ಸುಸ್ತಾಗಿ ಈಗ ಮಲಗಿದ್ದಾಳೆ. ನನಗೆ ಇನ್ನು ಬೈಯಲು ಬರುತ್ತಿಲ್ಲ. ಬಾರೋ.