ಇಂಥ ಹೆಂಗಸು ಈ ಬೀದಿಯಲ್ಲಿಲ್ಲ

ವಿಜಯಪುರ
೧೨-೮-೧೯೭೫

ಪಟ್ಟಣದ ನರ್ಸುಗಳ ಹಾಸ್ಟೆಲ್ಲಿನ ಜಗಲಿಯಲ್ಲಿ ನೆರೆದಿರುವ ಸಕಲ ಸೋದರಿಯರೇ! ನನ್ನ ಕಾಗದ ಬಂದರೆ ನೀವೆಲ್ಲ ಸುತ್ತ ಕೂತು ಓದಿಸಿಕೊಳ್ಳುತ್ತೀರೆಂದು ನನ್ನ ಹೆಂಡತಿ ಬರೆದಿದ್ದಾಳೆ. ಕೇಳಿರಿ! ನಮ್ಮೂರ ನಾಟಕದ ರಾಜಾಪಾರ್ಟಿನವನು ದ್ರೋಹಿಯನ್ನು ಹುಡುಕಿ ಹೊರಟ ಕಥೆಯಿದು!

ಪ್ರೀತಿಯ ಮುನಿರತ್ನ, ಆಶೀರ್ವಾದಗಳು. ನೀನು ಹೋಗಲಿರುವ ಕುವೈತಿನ ಆಸ್ಪತ್ರೆ ಕೊಡಿಸುವ ಕೆಲಸದ ವೀಸಾಕ್ಕೆ ಪೊಲೀಸರ ನಡತೆ ಪತ್ರ ಸೇರಬೇಕು, ಮೂವತ್ತನೇ ತಾರೀಖು ದಾಟಿದರೆ ಆ ಜಾಗ ಬೇರೊಬ್ಬಳ ಪಾಲು, ಆದರೆ ಊರಿನ ವಿಳಾಸದಲ್ಲಿ ವಿಚಾರಿಸಿದವನು 'ಇಂಥ ಹೆಂಗಸು ಈ ಬೀದಿಯಲ್ಲಿಲ್ಲ' ಎಂದು ವರದಿ ಕಳಿಸಿದ್ದಾನೆ ಎಂದು ಬರೆದೆಯಲ್ಲ, ಓದಿ ರಕ್ತ ಕುದಿಯಿತು. ನಾಲ್ಕು ವರ್ಷ ಸಂಸಾರ ಮಾಡಿದ ಮನೆಯಲ್ಲಿ ನೀನಿಲ್ಲವೆಂದ ಪಾಪಿ ಯಾರು?

ಮೊದಲ ಅನುಮಾನ ನಮ್ಮ ಬೀದಿಯ ಆಂಜಿನಪ್ಪನ ಮೇಲೆ. ರಾಜಾಪಾರ್ಟು ಅವನ ಕೈತಪ್ಪಿ ನನಗೆ ಬಂದಾಗಿನಿಂದ ಅವನ ನಗು ನೆಟ್ಟಗಿಲ್ಲ. ರೇಷ್ಮೆ ಹುರಿ ಮಾಡುವ ಕಾರ್ಖಾನೆಯಲ್ಲೇ ಹಿಡಿದು ಕೇಳಿದೆ. ನನ್ನ ಮೇಲೇ ರೇಗಿಬಿದ್ದ: "ಲೇ, ನನ್ ಮೇಲೇನ್ಲಾ ಅನ್ಮಾನ? ಪೊಲೀಸ್ನೋನು ಬಂದು ಮುನಿರತ್ನಮ್ಮ ಯಾರು ಅಂದ. ಯಾವ್ ಕೇಸೋ ಏನ್ ಕತೆಯೋ! ತಂಗಿಯಂಗಿರೋಳ್ನ ಹಿಡ್ಕೊಡಕ್ಕಾಯ್ತದಾ? ಆ ಹೆಸ್ರೇ ಕೇಳಿಲ್ಲ ಸ್ವಾಮಿ ಅಂದ್ಬಿಟ್ಟೆ ಕಣೋ."

ನಂಬಲಿಲ್ಲ. ಎದುರುಮನೆ ಅಮ್ಮಯಮ್ಮನ ಬಳಿ ಹೋದೆ. ನೀರಿನ ಸರದಿಗಾಗಿ ನೀವಿಬ್ಬರೂ ಮಾತು ಬಿಟ್ಟಿದ್ದಿರಲ್ಲ! ಆಕೆ ಸೊಂಟದ ಮೇಲೆ ಕೈಯಿಟ್ಟು ಬೀಗಿದಳು: "ಆ ಮನೇಲಿ ಹೆಂಗಸ್ರೇ ಇಲ್ಲ, ಇರೋನು ನಾಟ್ಕದ ಹುಚ್ಚ, ಅವ್ನಿಗ್ಯಾರು ಹೆಣ್ಣು ಕೊಡ್ತಾರೆ ಅಂದೆ. ಹೌದೌದು ಅಂತ ಬರ್ಕೊಂಡ್ಬಿಟ್ಟ ಕಣಪ್ಪಾ!"

ನಗಬೇಡಿ, ಸೋದರಿಯರೇ. ಖಾಕಿ ಕಂಡರೆ ನಮ್ಮವರನ್ನು ಬಚ್ಚಿಡುವುದು ಈ ಬೀದಿಯ ಮರ್ಯಾದೆ. ಒಳ್ಳೆಯ ನಡತೆ ಬರೆದುಕೊಳ್ಳಲೂ ಪೊಲೀಸರು ಬರುತ್ತಾರೆಂದು ಯಾರಿಗೆ ಗೊತ್ತಿತ್ತು? ಮುನಿರತ್ನ, ನಿನ್ನನ್ನು ಕಾಪಾಡಲು ಹೋಗಿ ವೀಸಾ ಕೆಡಿಸಿದ್ದಾರೆ. ಯಾರನ್ನೂ ಬೈಯಬೇಡ.

ಇತಿ ನಿನ್ನ,
ಚಿಕ್ಕವೆಂಕಟಪ್ಪ

ತಾ.ಕ.: ಇದನ್ನು ಜೋರಾಗಿ ಓದಬೇಡ. ಆ ಪೊಲೀಸಿನವನು ಮೊದಲು ಬಂದದ್ದು ನಮ್ಮ ಬಾಗಿಲಿಗೇ. ವೀಸಾದ ವಿಚಾರಣೆಯೆಂದು ಬಾಯಿಬಿಟ್ಟೇ ಹೇಳಿದ. ಬೀದಿಯವರಂತೆ ನಾನು ಹೆದರಿರಲಿಲ್ಲ. ಮೂರು ವರ್ಷದ ಕರಾರು, ಕಾಗದದಲ್ಲೆಲ್ಲ ನೀನು ಹೊಗಳುವ, ಕುವೈತಿಗೇ ಹೊರಟಿರುವ ಆ ಡಾಕ್ಟರು, ನೀನು ಮತ್ತೆ ಬರುತ್ತೀಯೋ ಇಲ್ಲವೋ, ಏನೇನೋ ತಲೆಗೇರಿತ್ತು. ಆ ಹೆಸರಿನವರು ಇಲ್ಲಿಲ್ಲ ಎಂದೆ. ಅಷ್ಟು ಮೆಲ್ಲಗೆ ನಾನು ಹುಟ್ಟಿದಾಗಿನಿಂದ ಯಾವ ಮಾತನ್ನೂ ಆಡಿಲ್ಲ. ನಾಳೆ ಬೆಳಗ್ಗೆ ನಮ್ಮ ಮದುವೆಯ ಫೋಟೋ, ರೇಷನ್ ಕಾರ್ಡು ಹಿಡಿದು ಠಾಣೆಗೆ ಹೋಗಿ, ಸುಳ್ಳು ಹೇಳಿದವನು ಅವಳ ಗಂಡನೇ ಎಂದು ಬರೆದು ರುಜು ಹಾಕುತ್ತೇನೆ.