ಅಕ್ಕಲಕೋಟದ ಫುಗಡಿ

ಸೋಲಾಪುರ
ರವಿವಾರ, ೧ ಡಿಸೆಂಬರ್ ೧೯೭೪

ಮಹಾನಂದಾಳ ಅಪ್ಪನವರಿಗೆ ಲೀಲಾಬಾಯಿಯ ಶರಣಾರ್ಥಿಗಳು.

ಈಗ ಸಂಜೆ ಆರು ಗಂಟೆ. ಮಧ್ಯಾಹ್ನ ನಾಗಣಸೂರಿನವರು ಹೆಣ್ಣು ನೋಡಲು ಬಂದು, ಉಂಡು, ಹೋದರು. ಅದನ್ನು ಆಮೇಲೆ ಬರೆಯುತ್ತೇನೆ. ಮೊದಲು ನಿಮ್ಮ ಆರೋಗ್ಯ ಕೇಳಬೇಕಲ್ಲ. ಮುಂಬಯಿಯ ನೀರು ಒಗ್ಗಿತೇ? ಮಗಳು ಸತ್ತು ಎರಡು ವಾರ ಕಳೆಯುವ ಮೊದಲೇ “ಈ ಮನ್ಯಾಗ ನನಗ ನಿದ್ದಿ ಹತ್ತಂಗಿಲ್ಲ” ಎಂದು ಟ್ರಂಕು ಹೊರಿಸಿಕೊಂಡು ಹೊಸ ಚಾದರದಂಗಡಿಗೆ ಹೋದಿರಿ. ಅಲ್ಲಿ ಚೆನ್ನಾಗಿ ನಿದ್ದೆ ಬರುತ್ತಿದೆ ಎಂದು ಕಾರ್ಡಿನಲ್ಲಿ ಬರೆದಿದ್ದೀರಿ, ಸಂತೋಷ. ಇಲ್ಲಿಯೂ ನಿದ್ದೆಗೇನೂ ಕೊರತೆಯಿಲ್ಲ, ನಿಮ್ಮ ತಮ್ಮ ನಾಗಪ್ಪನವರ ಗೊರಕೆ ಮಾಳಿಗೆಯವರೆಗೆ ಕೇಳುತ್ತದೆ. ಅತ್ತೆಯವರ ಮೊಣಕಾಲು ನೋವು ಹಾಗೆಯೇ ಇದೆ. ನಾಲಿಗೆ ಗಟ್ಟಿಯಾಗಿದೆ. ಅದೇ ಕಾರ್ಡಿನ ಕೊನೆಗೆ “ನಾಗಪ್ಪ ಹೇಳಿದಂತೆ ಮಾಡಿರಿ, ಹುಡುಗಿಯ ಮದುವೆ ಬೇಗ ಮುಗಿಯಲಿ” ಎಂದೂ ಇತ್ತು. ಯಾವ ಹುಡುಗಿ ಎಂದು ಹೆಸರು ಬರೆಯಲು ಜಾಗ ಸಾಲಲಿಲ್ಲವೇನೋ. ಈಗ ಉಳಿದವಳು ಒಬ್ಬಳೇ, ಅದಕ್ಕೆ ಇರಬಹುದು.

ಆ ಹುಡುಗಿ ಶಾಲೆಯ ಗ್ಯಾದರಿಂಗಿನಲ್ಲಿ ಕುಣಿದು ಬಹುಮಾನದ ಕಪ್ಪು ತಂದಾಗ ಅದನ್ನು ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಇಟ್ಟು, ಗಿರಾಕಿಗಳಿಗೆಲ್ಲ ತೋರಿಸಿದವರು ನೀವು. ಪಂಚಮಿಗೆ ಅಕ್ಕಲಕೋಟದ ನಿಮ್ಮ ಅಕ್ಕನ ಅಂಗಳದಲ್ಲಿ ಅಕ್ಕ ತಂಗಿ ಕೈಗೆ ಕೈ ಕತ್ತರಿ ಹಾಕಿ, ಹಿಂದಕ್ಕೆ ಬಾಗಿ, ಗರಗರ ಫುಗಡಿ ತಿರುಗುವಾಗ “ಇನ್ನೂ ಜೋರು, ಇನ್ನೂ ಜೋರು” ಎಂದು ಚಪ್ಪಾಳೆ ಹೊಡೆದವರೂ ನೀವು, ನಾಗಪ್ಪನವರು, ಅಂಗಳದಲ್ಲಿದ್ದ ದೊಡ್ಡವರೆಲ್ಲ. ಕೈ ತಪ್ಪಿತು. ಚಿಕ್ಕವಳು ಶಶಿಕಲಾ ಕಟ್ಟೆಯ ಕಲ್ಲಿಗೆ ಹೋಗಿ ಬಿದ್ದಳು, ಮರುದಿನ ಹೋದಳು. ಅವಳಿಗೆ ಹನ್ನೆರಡೂ ತುಂಬಿರಲಿಲ್ಲ, ಕಾಲಿನ ಮದರಂಗಿ ಇನ್ನೂ ಕೆಂಪಗಿತ್ತು. ಹೆಣ ಮನೆಯಲ್ಲಿರುವಾಗಲೇ ನಾಗಪ್ಪನವರು ನಮಗೆಲ್ಲ ಪಾಠ ಹೇಳಿಕೊಟ್ಟರು. “ಮಿದುಳ ಜ್ವರ ಅನ್ರಿ. ಫುಗಡ್ಯಾಗ ಸತ್ಲು ಅಂದ್ರ ದೊಡ್ಡಾಕಿನ್ನ ಯಾರ್ ತಗೋತಾರ?” ಮಣ್ಣು ಕೊಡುವ ಮೊದಲೇ ಮದುವೆಯ ಲೆಕ್ಕ ಹಾಕಿದ ಬುದ್ಧಿವಂತರು! ನೀವು ತಲೆಯಾಡಿಸಿದಿರಿ.

ಅಂದಿನಿಂದ ಮಹಾನಂದಾ ಯಾರ ಕೈಗೂ ಕೈ ಕೊಡುವುದಿಲ್ಲ. ಬಳೆಗಾರ್ತಿ ಬಂದರೆ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾಳೆ. ಮಾಳಿಗೆ ಹತ್ತಿ ಒಬ್ಬಳೇ ತಿರುಗುತ್ತಾಳೆ, ಕೈ ಮುಂದೆ ಚಾಚಿ, ಯಾರನ್ನೋ ಹಿಡಿದವಳಂತೆ, ಗೋಡೆಗೆ ಬಡಿದು ಬೀಳುವವರೆಗೂ. ಹೆಗಲ ಮೇಲಿನ ಗಾಯ ಮಾಯಲು ಅವಳೇ ಬಿಡುವುದಿಲ್ಲ. ಊಟ ಕೇಳಬೇಡಿ. ಅತ್ತೆಯವರು ಇದಕ್ಕೆ ಕಂಡುಹಿಡಿದ ಔಷಧ, ಮಲಗುವಾಗ ಹಳೆಯ ಸೀರೆಯ ತುಂಡಿನಿಂದ ಕಾಲು ಕಟ್ಟುವುದು. ದನಕ್ಕಾದರೂ ಹಗ್ಗ ಸಡಿಲಾಗಿ ಕಟ್ಟುತ್ತಾರೆ. ನಾನು ಬಿಚ್ಚುತ್ತೇನೆ, ಅವರು ಮತ್ತೆ ಕಟ್ಟುತ್ತಾರೆ. ನಾಗಪ್ಪನವರ ಔಷಧ ಇನ್ನೂ ಅಗ್ಗ, ಶಾಲೆ ಬೇಡ ಅಂದರು.

ಇನ್ನು ಇಂದಿನ ಮಾತು. ನಾಗಣಸೂರಿನ ಕಲ್ಯಾಣಮ್ಮನವರು, ಅವರ ಮಗ ಕಾಮಣ್ಣ. ಮೊದಲ ಹೆಂಡತಿ ತೀರಿದವನು, ಎರಡು ಮಕ್ಕಳ ತಂದೆ, ಕಿವಿಯ ಹತ್ತಿರ ನರೆ. ಬಂದಾಗಿನಿಂದ ನಮ್ಮ ಮನೆಯ ತೊಲೆಗಳನ್ನೇ ನೋಡುತ್ತ ಕುಳಿತ, ಹುಡುಗಿಯನ್ನು ನೋಡಿದ್ದು ಕಡಿಮೆ. ನಾಗಪ್ಪನವರು ಹಲ್ಲು ಕಿರಿದು, “ಅಡಗಿ ಭಾಳ ಛಲೋ ಮಾಡ್ತಾಳ್ರಿ, ಬಾಯಾಗ ಮಾತಽ ಇಲ್ರಿ” ಎಂದರು. ನಾಲ್ಕು ತಿಂಗಳಿಂದ ಬಾಯಿ ಬಿಡದ ಕೂಸಿನ ಮೌನ ಅವರಿಗೆ ಒಂದು ಗುಣವಾಗಿ ಕಂಡಿತು! ಕಲ್ಯಾಣಮ್ಮನವರು ಎರಡನೆಯ ಸಲ ಶಿರಾ ಹಾಕಿಸಿಕೊಳ್ಳುತ್ತ “ತಂಗಿಗಿ ಏನ್ ಆಗಿತ್ತವಾ?” ಎಂದು ಕೇಳಿದರು. ಮಹಾನಂದಾ ತಲೆ ಎತ್ತಿದಳು. “ಜ್ವರ ಅಲ್ರಿ. ಫುಗಡಿ ಆಡೂ ಮುಂದ ನನ್ನ ಕೈ ಬಿಟ್ಟು ಹೋತ್ರಿ.”

ನಾಗಪ್ಪನವರ ಮುಖ ನೀವು ನೋಡಬೇಕಿತ್ತು. ದುಃಖದಲ್ಲಿ ಹುಡುಗಿಗೆ ತಲೆ ನೆಟ್ಟಗಿಲ್ಲ ಎಂದು ಮರಾಠಿಯಲ್ಲೊಮ್ಮೆ ಕನ್ನಡದಲ್ಲೊಮ್ಮೆ ಹೇಳಿದರು. ಕಲ್ಯಾಣಮ್ಮನವರು ತಾಟು ಪೂರ್ತಿ ಬಳಿದು ತಿಂದು, ಕೈ ತೊಳೆದುಕೊಂಡು, ಆಮೇಲೆ ಅಸಹ್ಯಪಟ್ಟರು. “ಇಂಥಾಕಿನ್ನ ಯಾರ್ ತಗೋತಾರ್ರಿ? ನಾವು ಅಂತ ತಗೋತೀವಿ. ಕುಣಿಯೂದು ಗಿಣಿಯೂದು ಎಲ್ಲಾ ಬಂದ್. ಹೊಲದಾಗ ದುಡದ್ರ ತಲಿ ತಾನಽ ನೆಟ್ಟಗಾಗ್ತದ.” ನಾಗಪ್ಪನವರು ನಿಮ್ಮ ಕಾರ್ಡು ತೋರಿಸಿ, ಅಣ್ಣನ ಒಪ್ಪಿಗೆಯಿದೆ, ಮಾರ್ಗಶಿರದಲ್ಲೇ ಮುಗಿಸೋಣ ಎಂದು ಕೈ ಮುಗಿದರು. ಒಂದು ಎಮ್ಮೆ ಮಾರುವಾಗ ನೀವು ಅಣ್ಣತಮ್ಮಂದಿರು ಇದಕ್ಕಿಂತ ಹೆಚ್ಚು ಯೋಚಿಸಿದ್ದು ನಾನು ಕಂಡಿದ್ದೇನೆ.

ಅವರು ಹೋದ ಮೇಲೆ ನಾನು ಮಾಳಿಗೆಗೆ ಹೋದೆ. ಏನಾಯಿತು ಎಂದು ಕೇಳಿದೆ, ಅಷ್ಟೇ. ನಾಲ್ಕು ತಿಂಗಳಲ್ಲಿ ಈ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. “ಕೈ ಬೆವತಿತ್ತವ್ವಾ. ನಿಲ್ಲೂಣು ಅಂತ ಒದರಿದ್ನಿ. ಚಪ್ಪಾಳಿ ಸಪ್ಪಳದಾಗ ಯಾರಿಗೂ ಕೇಳಲಿಲ್ಲ” ಎಂದಳು. ನಾನು ಕೈ ಚಾಚಿದೆ. ಬಹಳ ಹೊತ್ತು ನೋಡಿದಳು, ಆಮೇಲೆ ಹಿಡಿದಳು. ನನ್ನ ಈ ಮೈಯಲ್ಲಿ ಫುಗಡಿ ಏನು ಚೆಂದ! ಎರಡು ಸುತ್ತಿಗೇ ಏದುಸಿರು ಬಂತು. ನಿಂತೆವು. ಅವಳು ಅತ್ತಳು. ಇಷ್ಟು ದಿನ ಅತ್ತಿರಲಿಲ್ಲ.

ಮುಂಬಯಿಯಲ್ಲಿ ಚಳಿ ಕಡಿಮೆಯಂತೆ, ಆದರೂ ಮಫ್ಲರ್ ಸುತ್ತಿಕೊಳ್ಳಿ. ಬಸವಣ್ಣ ನಿಮಗೆ ಒಳ್ಳೆಯ ವ್ಯಾಪಾರ ಕೊಡಲಿ.

ನಿಮ್ಮ,
ಲೀಲಾಬಾಯಿ

ತಾ.ಕ.: ಅವಸರದಲ್ಲಿ ಮುಖ್ಯ ಮಾತೇ ಬಿಟ್ಟೆ. ಕಲ್ಯಾಣಮ್ಮನವರು ಟಾಂಗಾ ಹತ್ತುವಾಗ ನಾನೇ ಓಣಿಗೆ ಹೋಗಿ, ಹುಡುಗಿಯನ್ನು ಕೊಡುವುದಿಲ್ಲ ಎಂದು ಎಲ್ಲರೆದುರು ಹೇಳಿದೆ. ನಾಗಪ್ಪನವರು ನಿಮಗೆ ತಾರು ಕೊಡಲು ಓಡಿದ್ದಾರೆ, ಅದು ಈ ಪತ್ರಕ್ಕಿಂತ ಮೊದಲು ಮುಟ್ಟಿರುತ್ತದೆ. ನಿಮ್ಮ ಉತ್ತರ ಅವರಿಗೇ ಬರೆಯಿರಿ, ನನಗೆ ಬೇಕಾಗಿಲ್ಲ. ಇಂದಿನಿಂದ ಅವಳು ನನ್ನ ಪಕ್ಕದಲ್ಲಿ ಮಲಗುತ್ತಾಳೆ. ದೀಪಾವಳಿ ರಜೆ ಮುಗಿಯಿತು. ನಾಳೆ ಹನ್ನೊಂದು ಗಂಟೆಗೆ ಶಾಲೆ ತೆರೆಯುತ್ತದೆ, ಮಹಾನಂದಾಳನ್ನು ನಾನು ಕರೆದುಕೊಂಡು ಹೋಗುತ್ತೇನೆ.